ಪಾಲಾಗದ ನೂರಿಪ್ಪತ್ತೇಳು

ಮತ್ತೋಡಿನ ನಮ್ಮ ತೋಟದಲ್ಲಿ ನೂರಿಪ್ಪತ್ತೇಳು ತೆಂಗಿನ ಮರಗಳಿವೆ ಎನ್ನುವುದು ನನಗೆ ನನ್ನ ಹೆಸರಿನಷ್ಟೇ ಖಾತ್ರಿಯಾಗಿ ಗೊತ್ತಿತ್ತು. ಮನೆಯಲ್ಲಿ ಯಾರನ್ನು ಕೇಳಿದರೂ ಅದೇ ಸಂಖ್ಯೆ ಹೇಳುತ್ತಿದ್ದರು. ಮರ ಬಿದ್ದರೆ ಅದೇ ಗುಂಡಿಗೆ ಸಸಿ ಇಡಬೇಕು, ಹೊಸ ಗುಂಡಿ ತೋಡಬಾರದು ಎಂದು ಅಜ್ಜ ಕಟ್ಟಪ್ಪಣೆ ಮಾಡಿದ್ದ. ಹಾಗಾಗಿ ಮರಗಳು ಬದಲಾದವು, ಲೆಕ್ಕ ಬದಲಾಗಲಿಲ್ಲ. ನಮ್ಮ ಮನೆಯಲ್ಲಿ ತೋಟದ ಪಾಲೆಂದರೆ ಮೊದಲು ಮರದ ಮಾತು. ಎಕರೆ, ಗುಂಟೆ ಎಲ್ಲ ಆಮೇಲೆ ಕಾಗದಕ್ಕೆ ಬೇಕಾದದ್ದು.

"ಈ ತೋಟ ಹೆಂಗ್ ಹಂಚಿದ್ರೂ ಸರಿಯಾಗಿ ಪಾಲಾಗಲ್ಲ ಕಣ್ರಪ್ಪಾ, ಏನಾರ ಉಳಿದೇ ಉಳಿತೈತೆ" ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಆ ಜಂಬಕ್ಕೆ ಕಾರಣ ಅವನಿಗೂ ಗೊತ್ತಿರಲಿಲ್ಲ. ಅವನಿಗೆ ಇಬ್ಬರು ಗಂಡುಮಕ್ಕಳು, ನನ್ನ ಅಪ್ಪ ಮತ್ತು ಚಿಕ್ಕಪ್ಪ. ಇವರಿಬ್ಬರಿಗಿಂತ ದೊಡ್ಡವಳು ನನ್ನ ಅತ್ತೆ. ಅವಳನ್ನು ಹಿರಿಯೂರಿನ ಕಡೆಗೆ ಕೊಟ್ಟಿದ್ದರು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡ, ಅತ್ತೆ ಒಂದು ಟ್ರಂಕಿನ ಸಮೇತ ತವರಿಗೆ ಬಂದಳು. ಆಗ ಅಜ್ಜ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು, "ಗಂಡುಮಕ್ಳಿಗೆ ಅರವತ್ಮೂರು, ಅರವತ್ಮೂರು. ಉಳಿದಿದ್ದೊಂದು ನನ್ನ ಮಗಳದ್ದು" ಎಂದುಬಿಟ್ಟ. ಬಾವಿಯ ಪಕ್ಕದ, ಎಣಿಕೆಯಲ್ಲಿ ಕೊನೆಗೆ ಬರುವ ಮರ ಅದು. ಅಂದಿನಿಂದ ಅದಕ್ಕೆ ಉಳಿಕೆ ಮರ ಎಂದೇ ಹೆಸರಾಯಿತು.

ಅತ್ತೆಯನ್ನು ಕೇಳದೆ ಆ ಮರದ ಕಾಯಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಾಣಂತಿಗೆ, ಬಳೆಗಾರನಿಗೆ, ಶಾಲೆಯ ಮೇಷ್ಟ್ರಿಗೆ, ಜಗಳವಾಡಿ ಮಾತು ಬಿಟ್ಟ ಪಕ್ಕದ ಮನೆಯವಳಿಗೆ, ಹೀಗೆ ಕೊಡಬೇಕೆನಿಸಿದವರಿಗೆಲ್ಲ ಅವಳು ಅದರಿಂದಲೇ ಕೊಡುತ್ತಿದ್ದಳು. ಮನೆಯ ರೊಟ್ಟಿ, ಸಾರು, ಸೀರೆ ಎಲ್ಲವೂ ತಮ್ಮಂದಿರದು. ಆ ಮರ ಮಾತ್ರ ಅವಳದು. "ನಂದೂ ಒಂದೈತೆ" ಎನ್ನುವಾಗ ಅವಳ ಕತ್ತು ಸ್ವಲ್ಪ ನೆಟ್ಟಗಾಗುತ್ತಿತ್ತು.

ನನಗೆ ಗಣಿತದ ಹುಚ್ಚು ಹಿಡಿಸಿದ್ದು ಅವಳೇ. ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ, "ಅಜ್ಜ ಹೇಳಿದ್ದು ದಿಟವಾ?" ಎಂದು ಕೇಳಿದೆ. ಅತ್ತೆ ಮಾತಿನಲ್ಲಿ ಉತ್ತರ ಕೊಡಲಿಲ್ಲ. ನೂರಿಪ್ಪತ್ತೇಳು ಹುಣಸೆ ಬೀಜ ಎಣಿಸಿ ಜಗುಲಿಯ ಮೇಲೆ ಸುರಿದಳು. ಎರಡೆರಡರ ಸಾಲು ಮಾಡಿದೆವು, ಒಂದು ಉಳಿಯಿತು. ಮೂರು ಮೂರರ ಸಾಲಿಗೂ ಒಂದು ಉಳಿಯಿತು. ಐದರ ಸಾಲಿಗೆ ಎರಡು. ಏಳರ ಸಾಲು ಮುಗಿಯುತ್ತಾ ಬಂದಾಗ ಸರಿಹೋಗುತ್ತದೆ ಎಂದು ಕುಣಿಯಲು ಸಿದ್ಧಳಾಗಿದ್ದೆ, ಮತ್ತೆ ಒಂದು ಉಳಿಯಿತು. ಹನ್ನೊಂದಕ್ಕೆ ಆರು. "ಇನ್ನ ಸಾಕು, ಇದು ಜಗ್ಗಲ್ಲ" ಎಂದು ಅತ್ತೆ ಬೀಜ ಬಾಚಿಕೊಂಡಳು. ಎಷ್ಟೋ ವರ್ಷದ ಮೇಲೆ ಪಾಠದಲ್ಲಿ ಓದಿದಾಗ ತಿಳಿಯಿತು: ಹದಿಮೂರು ಹದಿಮೂರಲೇ ನೂರರವತ್ತೊಂಬತ್ತು, ಅಂದರೆ ನೂರಿಪ್ಪತ್ತೇಳನ್ನು ದಾಟಿಹೋಯಿತು, ಆದ್ದರಿಂದ ಹನ್ನೊಂದರವರೆಗೆ ನೋಡಿದರೆ ಸಾಕು. ಅತ್ತೆ ಬೇಸರಕ್ಕೆ ನಿಲ್ಲಿಸಿದ್ದು ಸರಿಯಾದ ಜಾಗದಲ್ಲೇ ಆಗಿತ್ತು.

ಈಗ ನಾನು ಚಿತ್ರದುರ್ಗದಲ್ಲಿ ಕಾಲೇಜು ಮಕ್ಕಳಿಗೆ ಗಣಿತ ಹೇಳುತ್ತೇನೆ. ತನ್ನಿಂದ ಮತ್ತು ಒಂದರಿಂದ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಯನ್ನು ಅವಿಭಾಜ್ಯ ಎನ್ನುತ್ತಾರೆ ಎಂದು ಹೇಳಿದ ಕೂಡಲೇ ಪ್ರತಿ ವರ್ಷವೂ ಒಬ್ಬರು ಎದ್ದು, "ಹಂಗಾರೆ ಒಂದು ಯಾಕೆ ಅವಿಭಾಜ್ಯ ಅಲ್ಲ ಮೇಡಂ?" ಎಂದು ಕೇಳುತ್ತಾರೆ. ಈ ಪ್ರಶ್ನೆ ಕೇಳದ ವರ್ಷ ನನಗೆ ಸಿಟ್ಟು ಬರುತ್ತದೆ. ಆರನ್ನು ಒಡೆದರೆ ಎರಡು ಮತ್ತು ಮೂರು. ಅದಕ್ಕೆ ಬೇರೆ ದಾರಿಯೇ ಇಲ್ಲ. ಒಂದನ್ನೂ ಅವಿಭಾಜ್ಯಗಳ ಸಾಲಿಗೆ ಸೇರಿಸಿದರೆ ಒಂದು, ಎರಡು, ಮೂರು ಎನ್ನಬಹುದು, ಒಂದು, ಒಂದು, ಎರಡು, ಮೂರು ಎಂದೂ ಅನ್ನಬಹುದು, ಕೊನೆಯೇ ಇರುವುದಿಲ್ಲ. ಅದಕ್ಕೇ ಅದನ್ನು ಪ್ರತ್ಯೇಕ ಕೂರಿಸಿದ್ದಾರೆ. "ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ?" ಎಂದು ಕೇಳುತ್ತೇನೆ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಮಕ್ಕಳು ನಗುತ್ತಾ, "ಲಾಭ" ಎನ್ನುತ್ತಾರೆ. ಲಾಭ, ಎರಡು, ಮೂರು. ಒಂದನ್ನು ಲೆಕ್ಕದ ಮಾತಿನಿಂದ ಕರೆಯದೆ ಮರ್ಯಾದೆ ಕೊಟ್ಟು ಬದಿಗಿಡುವುದು ನಮ್ಮವರಿಗೆ ಹೊಸತಲ್ಲ. ಈ ಉದಾಹರಣೆಯ ಮೇಲೆ ನನಗೆ ವಿಪರೀತ ಪ್ರೀತಿ ಇತ್ತು, ಅದೇ ಒಂದು ದಿನ ನಮ್ಮ ಮನೆಯ ಲೆಕ್ಕವನ್ನೇ ಕೆಡಿಸಿಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅತ್ತೆ ಜಗುಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಮೊಬೈಲ್ ತೋರಿಸಿದೆ. "ಅತ್ತೆ, ಇಲ್ಲಿವರೆಗೆ ಸಿಕ್ಕಿರೋದ್ರಾಗೆ ಎಲ್ಲಕ್ಕಿಂತ ದೊಡ್ಡ ಪಾಲಾಗದ ಸಂಖ್ಯೆ ಇದು. ನಾಲ್ಕು ಕೋಟಿಗೂ ಜಾಸ್ತಿ ಅಂಕಿ ಅವೆ."

"ನಾಕು ಕೋಟಿನಾ? ಅಷ್ಟೇನಾ?"

"ಸಂಖ್ಯೆ ನಾಲ್ಕು ಕೋಟಿ ಅಲ್ಲ ಕಣತ್ತೆ. ಬರ್ಯಾಕೆ ಕುಂತ್ರೆ ಅಷ್ಟು ಅಂಕಿ ಬೀಳ್ತವೆ."

ಅವಳು ಕುಟ್ಟುವುದನ್ನು ನಿಲ್ಲಿಸಿದಳು. "ಉದ್ದಕ್ಕೆ ಬರ್ಕಂಡು ಹೋದ್ರೆ ದುರ್ಗದಿಂದ ಹಿರಿಯೂರು ಮುಟ್ಟತೈತಾ?"

ನಾನು ಇಂಥ ಪ್ರಶ್ನೆಗೇ ಕಾಯುತ್ತಿದ್ದೆ. ಒಂದೊಂದು ಅಂಕಿಯನ್ನು ಹುಣಸೆ ಬೀಜದಷ್ಟು ಅಗಲ ಬರೆದರೆ ಹಿರಿಯೂರಿಗೆ ಹೋಗಿ ಬಂದು, ಮತ್ತೊಮ್ಮೆ ಹೋಗಿ ಬಂದರೂ ಮುಗಿಯುವುದಿಲ್ಲ ಎಂದು ಲೆಕ್ಕ ಹಾಕಿ ಹೇಳಿದೆ. "ಅಷ್ಟುದ್ದದ್ದು ಪಾಲಾಗಲ್ಲ ಅಂತ ಯಾರು ನೋಡಿದ್ರು?" ಎಂದಳು. ಕಂಪ್ಯೂಟರ್ ಎಂದೆ. "ಅದಕ್ಕೇನು ತಪ್ಪಾಗಲ್ವಾ?" ಎಂದಳು. ಅದಕ್ಕೇ ಒಂದು ಸಲ ನೋಡಿ ಬಿಡುವುದಿಲ್ಲ, ಬೇರೆ ಬೇರೆ ಯಂತ್ರದಲ್ಲಿ, ಬೇರೆ ಬೇರೆ ದಾರಿಯಲ್ಲಿ ಮತ್ತೆ ಲೆಕ್ಕ ಮಾಡಿದ ಮೇಲೆಯೇ ಒಪ್ಪುತ್ತಾರೆ ಎಂದೆ. "ಅದು ಸರಿ" ಎಂದು ತಲೆಯಾಡಿಸಿದಳು, ತಾನೇ ಆ ಏರ್ಪಾಡು ಮಾಡಿಸಿದವಳ ಹಾಗೆ.

ಇಷ್ಟು ದೊಡ್ಡ ಸಂಖ್ಯೆಯನ್ನು ಬರೆಯುವುದು ಕಷ್ಟ, ಹೇಳುವುದು ಸುಲಭ. ಒಂದು ಬೀಜ ಇಟ್ಟುಕೊಂಡು ಅದನ್ನು ಎರಡರಷ್ಟು ಮಾಡಬೇಕು, ಬಂದದ್ದನ್ನು ಮತ್ತೆ ಎರಡರಷ್ಟು, ಹೀಗೆ ಹದಿಮೂರು ಕೋಟಿಗೂ ಹೆಚ್ಚು ಸಲ ಮಾಡಿ, ಕೊನೆಗೆ ಒಂದೇ ಒಂದು ತೆಗೆದುಬಿಡಬೇಕು. "ಹದಿಮೂರು ಕೋಟಿ ಸಲ ನಂಗಾಗಲ್ಲ, ಏಳು ಸಲ ಮಾಡಾಣ" ಎಂದು ಅತ್ತೆ ಬೀಜ ಎಳೆದುಕೊಂಡಳು. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ನಾಲ್ಕು. ಏಳನೆಯ ಸಲಕ್ಕೆ ನೂರಿಪ್ಪತ್ತೆಂಟು. ಅದರಿಂದ ಒಂದು ಬೀಜ ತೆಗೆದಳು.

"ಲೇ! ನೂರಿಪ್ಪತ್ತೇಳು! ನಮ್ ತೋಟ ಕಣೆ ಇದು!"

ನನಗೆ ಇದು ಪುಸ್ತಕದಿಂದ ಗೊತ್ತಿತ್ತು. ಅವಳ ಬೆರಳಲ್ಲಿ ನೋಡಿದ್ದು ಅದೇ ಮೊದಲು. ಜಗತ್ತಿನ ಅತಿ ದೊಡ್ಡ ಅವಿಭಾಜ್ಯಕ್ಕೂ ಮತ್ತೋಡಿನ ನಮ್ಮ ತೋಟಕ್ಕೂ ಒಂದೇ ವಂಶ! ಹಾಗೆಂದು ಎಷ್ಟು ಸಲ ದುಪ್ಪಟ್ಟು ಮಾಡಿ ಒಂದು ತೆಗೆದರೂ ಅವಿಭಾಜ್ಯವೇ ಬರುತ್ತದೆ ಎಂದೇನಿಲ್ಲ. ಹನ್ನೊಂದು ಸಲ ಮಾಡಿದರೆ ಎರಡು ಸಾವಿರದ ನಲವತ್ತೇಳು ಬರುತ್ತದೆ, ನೋಡಲು ಬಲು ಗಟ್ಟಿ, ಇಪ್ಪತ್ಮೂರರ ಸಾಲಿಗೆ ಇಟ್ಟರೆ ಎಂಬತ್ತೊಂಬತ್ತು ಸಾಲಾಗಿ ಮುಗಿದೇ ಹೋಗುತ್ತದೆ. ಅತ್ತೆ ಅದನ್ನೆಲ್ಲ ಕೇಳಿಸಿಕೊಂಡು, ತೆಗೆದ ಬೀಜವನ್ನು ಅಂಗೈಯಲ್ಲಿ ಹೊರಳಿಸುತ್ತಾ, "ಇದು ಇದ್ರೆ ಅರ್ಧ, ಅದ್ರರ್ಧ ಅಂತ ಪಾಲಾಗ್ತಾನೇ ಹೋಗ್ತೈತೆ. ತೆಗೆದ್ರೆ ಜಗ್ಗಲ್ಲ. ಎಲ್ಲಾ ಈ ಒಂದ್ರದ್ದೇ ಕರಾಮತ್ತು" ಎಂದಳು.

ನಾನು ಆ ಸಲ ಊರಿಗೆ ಬಂದಿದ್ದು ಸುಮ್ಮನೆ ಅಲ್ಲ. ಅಪ್ಪನೂ ಚಿಕ್ಕಪ್ಪನೂ ತೋಟ ಭಾಗ ಮಾಡಿಕೊಳ್ಳುವುದೆಂದು ಜಗಳವಿಲ್ಲದೆ ಮಾತಾಡಿಕೊಂಡಿದ್ದರು. ಅಪ್ಪನಿಗೆ ಕೊಬ್ಬರಿ ಸಾಕು. ಚಿಕ್ಕಪ್ಪನಿಗೆ ತೆಂಗಿನ ನಡುವೆ ಬೇರೆ ಬೆಳೆ ಹಾಕುವ ಆಸೆ. ಅತ್ತೆ ತನ್ನ ಹಕ್ಕು ಬಿಟ್ಟುಕೊಟ್ಟೆ ಎಂದು ಕಾಗದಕ್ಕೆ ಸೈನ್ ಹಾಕಬೇಕಿತ್ತು. ಅವಳು ಒಪ್ಪಿಯೂ ಇದ್ದಳು. "ನಂದೊಂದು ಐತಲ್ಲ, ಸಾಕು ಬಿಡ್ರಪ್ಪ" ಎಂದಿದ್ದಳು.

ಮಾರನೇ ದಿನ ಚಿಕ್ಕಪ್ಪ ಬಿಳಿ ಪೇಂಟಿನ ಡಬ್ಬಿ ಹಿಡಿದು ಮರಗಳಿಗೆ ನಂಬರ್ ಬರೆಯಲು ಹೋದ. ಮಧ್ಯಾಹ್ನ ಮುಖ ಒಂಥರಾ ಮಾಡಿಕೊಂಡು ಬಂದ.

"ನೂರಿಪ್ಪತ್ತೆಂಟು ಅವೆ."

"ಯಾವ್ದೋ ಮರಕ್ಕೆ ಎರಡು ನಂಬರ್ ಬರ್ದಿದ್ದೀಯ, ನೋಡೋಗು" ಎಂದ ಅಪ್ಪ. ಬರೆದಿರಲಿಲ್ಲ. ಅಪ್ಪನೇ ಎದ್ದು ಹೋಗಿ ಎಣಿಸಿ ಬಂದ, ನೂರಿಪ್ಪತ್ತೆಂಟು. ನಾನು ನಕ್ಕು, ಇವರಿಗೆ ಎಣಿಸಲು ಬರುವುದಿಲ್ಲ ಎಂದುಕೊಂಡು, ಬಾವಿಯ ಕಡೆಯಿಂದ ಶುರುಮಾಡಿ ಉಲ್ಟಾ ಎಣಿಸಿದೆ. ಗೇಟಿನ ಹತ್ತಿರದ ಮರಕ್ಕೆ ಬರುವ ಹೊತ್ತಿಗೆ ನನ್ನ ನಗು ಹೋಗಿತ್ತು. ಬೇರೆ ದಾರಿಯಲ್ಲಿ ಎಣಿಸಿದರೂ ಅದೇ ಬಂದರೆ ಗಣಿತ ಕಲಿಸುವವಳಿಗೆ ವಾದ ಮಾಡಲು ಏನೂ ಇರುವುದಿಲ್ಲ.

ಅತ್ತೆಗೆ ಹೇಳಿದಾಗ ಅವಳಿಗೆ ರೇಗಿತು. "ನಿಮ್ಮ್ ಯಾರಿಗೂ ಬರಾಕಿಲ್ಲ. ನಮ್ಮಪ್ಪನ ಜೊತೆ ಈ ತೋಟ ಎಣಿಸಿದೋಳೇ ನಾನು. ನಡಿ, ಹೋಗಾಣ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದಳು, ನಾನು ಹಿಂದೆ ಹೋದೆ. ಗೇಟಿನ ಮರದ ಮೇಲೆ ಅಂಗೈ ಇಟ್ಟು, ಒಂದು ಗಳಿಗೆ ಕಣ್ಣು ಮುಚ್ಚಿ, "ಲಾಭ" ಎಂದಳು. ಪಕ್ಕದ ಮರಕ್ಕೆ ಹೋಗಿ ಅದನ್ನು ತಟ್ಟಿದಳು.

"ಒಂದು."

ನಾನು ನಿಂತಲ್ಲೇ ನಿಂತೆ. ಅವಳು ಎರಡು, ಮೂರು ಎನ್ನುತ್ತಾ ಸಾಗಿದಳು. ನಾನು ತಡೆಯದೆ ಹಿಂದೆಯೇ ನಡೆದೆ. ಇಡೀ ತೋಟ ಸುತ್ತಿ, ಬಾವಿಯ ಪಕ್ಕದ ತನ್ನ ಮರಕ್ಕೆ ಬಂದು, ಅದನ್ನು ಗಟ್ಟಿಯಾಗಿ ತಟ್ಟಿ, "ನೂರಿಪ್ಪತ್ತೇಳು! ನೋಡ್ದಾ?" ಎಂದಳು. ಮುಖದಲ್ಲಿ ಗೆದ್ದ ನಗು.

ಹೇಳದೆ ವಿಧಿಯಿರಲಿಲ್ಲ. "ಅತ್ತೆ, ರಾಗಿ ಅಳೆಯುವಾಗ ಲಾಭ ಆದ್ಮೇಲೆ ಏನಂತಾರೆ?"

"ಎರಡು."

"ಈಗ ನೀನು ಏನಂದೆ?"

ಅವಳು ಗೇಟಿನ ಕಡೆ ತಿರುಗಿ ನೋಡಿದಳು. ಆಮೇಲೆ ತಾನೇ ಬಿಡಿಸಿ ಹೇಳಿದಳು. ಅಜ್ಜ ಗೇಟಿನ ಮರದ ಹತ್ತಿರ ನಿಂತು ಲಾಭ ಎನ್ನುತ್ತಿದ್ದನಂತೆ, ಮುಂದಿನದನ್ನು ಮಗಳಿಗೆ ಬಿಡುತ್ತಿದ್ದನಂತೆ. ಆಗಷ್ಟೇ ಶಾಲೆಗೆ ಸೇರಿ ಎಣಿಸಲು ಕಲಿತ ಹುಡುಗಿ ಅವಳು. ಶಾಲೆಯಲ್ಲಿ ಲೆಕ್ಕ ಒಂದರಿಂದ ಶುರು. ಅಜ್ಜನ ಕಣದ ಲೆಕ್ಕ, ಮಗಳ ಶಾಲೆಯ ಲೆಕ್ಕ ಎರಡೂ ಸರಿ. ಎರಡನ್ನೂ ಕೂಡಿಸಿದ ಜಾಗದಲ್ಲಿ ಲಾಭ ಎಂದ ಮರವೇ ಲೆಕ್ಕದಿಂದ ಜಾರಿಹೋಗಿತ್ತು. ಮಗಳ ಬಾಯಲ್ಲಿ ಬಂದ ಸಂಖ್ಯೆಯನ್ನು ಅಜ್ಜ ಮತ್ತೆ ಎಣಿಸಿ ನೋಡಲಿಲ್ಲ, ಊರಿಗೆಲ್ಲ ಹೇಳಿಕೊಂಡು ತಿರುಗಿದ.

"ಹಂಗಾರೆ ಹಂಚಿದ್ರೆ ಒಂದೂ ಉಳಿಯಲ್ಲ" ಎಂದಳು ಅತ್ತೆ.

"ಇಲ್ಲ ಅತ್ತೆ."

ಅವಳು ಮರದ ಮೇಲಿಟ್ಟ ಕೈ ತೆಗೆದುಕೊಂಡಳು. ಬೇರೆಯವರ ವಸ್ತುವನ್ನು ತಿಳಿಯದೆ ಮುಟ್ಟಿದ ಹಾಗೆ ತೆಗೆದುಕೊಂಡಳು. ನನಗೆ ಅಳು ಬಂತು. ಅಷ್ಟು ವರ್ಷ ನಾನು ಮೆರೆಸಿದ್ದ ನೂರಿಪ್ಪತ್ತೇಳರ ಮೇಲೂ, ಲಾಭದ ಮೇಲೂ ಕೆಟ್ಟ ಕೋಪ ಬಂತು.

ಜಗುಲಿಯಲ್ಲಿ ಚಹಾ ಕುಡಿಯುತ್ತಾ ಚಿಕ್ಕಪ್ಪ, "ಅರವತ್ನಾಕು, ಅರವತ್ನಾಕು. ಸಲೀಸಾಯ್ತು ಬಿಡು" ಎಂದ. ಬಾವಿಯ ಕಡೆಯ ಅರ್ಧ ಅವನದು, ಉಳಿಕೆ ಮರ ಅದರಲ್ಲೇ ಬಂತು. ಅತ್ತೆಯ ಮುಖ ನೋಡಿ, "ಅಕ್ಕಾ, ನೀನ್ಯಾಕೆ ಯೋಚ್ನೆ ಮಾಡ್ತೀಯ? ಯಾವ ಮರದಾಗಾರ ಎಷ್ಟಾರ ಕಾಯಿ ಕೆಡವಿಸ್ಕ. ನಾವೇನ್ ಬ್ಯಾಡ ಅಂತೀವಾ?" ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನನಗೆ ಉರಿದದ್ದು ಅದಕ್ಕೇ. ಬೇಡ ಎನ್ನದವರ ಮರಕ್ಕೂ ತನ್ನ ಮರಕ್ಕೂ ಇರುವ ವ್ಯತ್ಯಾಸ ಇವನಿಗೆ ಹೇಗೆ ತಿಳಿಸುವುದು? ಅಪ್ಪ ಚಹಾದ ಲೋಟದೊಳಗೆ ಏನೋ ಹುಡುಕುತ್ತಾ ಕೂತಿದ್ದ.

ಅತ್ತೆ ಹುಣಸೆ ಬೀಜದ ಮೊರವನ್ನು ಹತ್ತಿರ ಎಳೆದುಕೊಂಡಿದ್ದಳು. ಹಿಂದಿನ ದಿನ ನಾವು ಎಣಿಸಿದ ಬೀಜಗಳು ಅದರಲ್ಲೇ ಒಂದು ಕಡೆ ಗುಡ್ಡೆಯಾಗಿದ್ದವು. ತೆಗೆದಿಟ್ಟಿದ್ದ ಒಂದನ್ನು ಅದಕ್ಕೆ ಸೇರಿಸಿ, ತಲೆಯೆತ್ತದೆ ನನ್ನನ್ನು ಕೇಳಿದಳು: "ಎರಡರ ಸಾಲು ಆದ್ಮೇಲೆ ಮೂರರ ಸಾಲು ಮಾಡ್ತಿದ್ವಲ್ಲ, ಇವತ್ಯಾಕೆ ಎರಡಕ್ಕೇ ನಿಲ್ಸಿದ್ರಿ?"

ನಾನು ಪಾಠ ಹೇಳುವವಳ ಹಾಗೆಯೇ ಉತ್ತರ ಕೊಟ್ಟೆ. "ಎರಡಕ್ಕೆ ಹೋಯ್ತಲ್ಲ ಅತ್ತೆ, ಮುಂದೆ ನೋಡೋದು ಬೇಕಿಲ್ಲ. ಅದು ಅವಿಭಾಜ್ಯ ಅಲ್ಲ ಅಂತ ಅಲ್ಲಿಗೇ ತೀರ್ಮಾನ ಆಯ್ತು."

"ನಿನ್ ತೀರ್ಮಾನ ನಿನ್ ಕಾಲೇಜಿನಾಗೆ ಇಟ್ಕ. ನಮ್ಮಪ್ಪಂಗೆ ಮಕ್ಳೆಷ್ಟು?"

ಅತ್ತೆ ಮೂರು ಮೂರು ಬೀಜ ಇಡುತ್ತಾ ಹೋದಳು. ನಾವು ಮೂವರೂ ಅವಳ ಕೈಯನ್ನೇ ನೋಡುತ್ತಾ ಕೂತೆವು. ನನಗೆ ಉತ್ತರ ಆಗಲೇ ಗೊತ್ತಿತ್ತು, ಆದರೂ ನೋಡಿದೆ. ನೂರಿಪ್ಪತ್ತೆಂಟರ ಒಳಗೆ ಎರಡುಗಳನ್ನು ಬಿಟ್ಟು ಬೇರೇನೂ ಇಲ್ಲ. ಅರ್ಧ ಮಾಡುವವರಿಗೆ ಅದು ಬೆಣ್ಣೆ, ಮೂವರಿಗೆ ಹಂಚಹೋದರೆ ಮೊಂಡು ಬೀಳುತ್ತದೆ. ನಲವತ್ತೆರಡು ಸಾಲಾದ ಮೇಲೆ ಎರಡು ಬೀಜ ಉಳಿದವು.

"ತಲಾ ನಲವತ್ತೆರಡು" ಎಂದಳು ಅತ್ತೆ. "ಬಿಟ್ಟುಕೊಟ್ಟೆ ಅಂತ ಸೈನ್ ಹಾಕಲ್ಲ ನಾನು. ಪಾಲು ತಗಂಡೆ ಅಂತ ಹಾಕ್ತೀನಿ."

ಅಪ್ಪ ಮೊದಲು ಬಾಯಿಬಿಟ್ಟ. "ಅಕ್ಕ ಹೇಳಾದ್ರಾಗೆ ತಪ್ಪೇನೈತೆ? ಕಾನೂನೂ ಅದನ್ನೇ ಹೇಳ್ತೈತೆ."

ಚಿಕ್ಕಪ್ಪ ಸೋಲೊಪ್ಪಲಾರದವನ ಹಾಗೆ, "ಆಯ್ತು, ಆ ಉಳಿದಿರೋ ಎರಡಕ್ಕೆ ಏನ್ ಮಾಡ್ತೀಯ?" ಎಂದ.

"ಇಷ್ಟ್ ವರ್ಷ ಉಳಿದಿದ್ದು ನಾನು ತಿಂದೆ" ಎಂದಳು ಅತ್ತೆ. ಎರಡು ಬೀಜಗಳಲ್ಲಿ ಒಂದನ್ನು ಅಪ್ಪನ ಮುಂದೆ ಇಟ್ಟಳು, ಇನ್ನೊಂದನ್ನು ಚಿಕ್ಕಪ್ಪನ ಮುಂದೆ. "ಇನ್ಮೇಲೆ ನೀವು ತಿಂದ್ ನೋಡ್ರಿ, ಹೆಂಗಿರ್ತೈತೆ ಅಂತ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಚಿಕ್ಕಪ್ಪ ನಗಲಿಲ್ಲ. ಅವನು ಅಲ್ಲೇ ಕುಣಿದು ಒಪ್ಪಿದ ಎಂದು ಬರೆದರೆ ಸುಳ್ಳಾಗುತ್ತದೆ. ಹಲವು ದಿನ ಅಕ್ಕನ ಜೊತೆ ಮಾತು ಬಿಟ್ಟ, ನನ್ನನ್ನು ಕಂಡರೆ "ಲೆಕ್ಕದ ಮೇಡಂ ಬಂದ್ರು, ಇನ್ನೇನ್ ಕಡಿಮೆಯಾಗ್ತೈತೋ" ಎಂದು ಕುಟುಕಿದ. ಕಡೆಗೆ ಒಂದು ದಿನ ತಾನೇ ಗಾಡಿ ತಂದು ಅವಳನ್ನು ಹೊಸದುರ್ಗಕ್ಕೆ ಕರೆದುಕೊಂಡು ಹೋದ. ಮೂವರೂ ಸೈನ್ ಹಾಕಿ, ಹೋಟೆಲಿನಲ್ಲಿ ದೋಸೆ ತಿಂದು ಬಂದರು. ಅತ್ತೆ ಗೇಟಿನ ಕಡೆಯ ಮರಗಳನ್ನು ಕೇಳಿ ತೆಗೆದುಕೊಂಡಿದ್ದಳು. ಬಾವಿಯ ಪಕ್ಕದ ಮರವನ್ನು ಅವಳೇ ಬಾಯಿಬಿಟ್ಟು ಚಿಕ್ಕಪ್ಪನಿಗೆ ಉಳಿದದ್ದು ಎಂದು ಕೊಟ್ಟಳು.

ಅದಾದ ಮೇಲೆ ನಾನು ಊರಿಗೆ ಹೋದಾಗ ಅತ್ತೆ ನನ್ನನ್ನು ತೋಟಕ್ಕೆ ಕರೆದಳು. "ನನ್ ಮರ ಎಣಿಸ್ತೀನಿ, ನೀನು ನೋಡ್ಕ" ಎಂದಳು. ನೋಡಿಕೊಳ್ಳುವುದೇನಿದೆ, ಮರಗಳ ಮೇಲೆ ನಂಬರೇ ಇದೆಯಲ್ಲ ಎಂದು ರೇಗಿಸಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಗೇಟಿನ ಮರದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ, "ಲಾಭ" ಎಂದಳು. ಪಕ್ಕದ ಮರದ ಹತ್ತಿರ ಹೋದಳು. ಅವಳು ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಮರವನ್ನು ತಟ್ಟಿ, "ಎರಡು" ಎಂದಳು.